60 ಸಾವಿರದ ಪಿಸಿ, ಎಸ್‌ಪಿ ರೋಡಿನ ಒಂದು ಶನಿವಾರ

2023ರಲ್ಲಿ ಅಕ್ಕನ ಮಗ ಪಿಯುಸಿ ಮುಗಿಸಿ ವಿಡಿಯೋ ಎಡಿಟಿಂಗ್ ಹಿಡಿದಿದ್ದ. "ಮಾಮಾ, ಅಮ್ಮ 60 ಸಾವಿರ ಕೊಡ್ತೀನಿ ಅಂದಿದ್ದಾಳೆ, ಮಾನಿಟರ್ ಮನೇಲೇ ಇದೆ, ಇದು ಸರಿನಾ ನೋಡಿ" ಅಂತ ಪಿಸಿಯ ಬಿಡಿಭಾಗಗಳ ಒಂದು ಪಟ್ಟಿ ಕಳಿಸಿದ. ನೋಡಿದ ಕೂಡಲೇ ಫೋನ್ ಮಾಡಿದೆ.

ಪಟ್ಟಿಯಲ್ಲಿ ರೈಜನ್ 7 5800ಎಕ್ಸ್ ಪ್ರೊಸೆಸರ್, ಅದಕ್ಕೆ 4 ಜಿಬಿಯ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡು, ಕ್ಯಾಬಿನೆಟ್ ಜೊತೆಗೇ ಬರುವ ಒಂದು ಎಸ್‌ಎಂಪಿಎಸ್, ಅಂದರೆ ಎಲ್ಲಕ್ಕೂ ಕರೆಂಟ್ ಕೊಡುವ ಡಬ್ಬ. ದುಡ್ಡಿನ ಮೂರನೇ ಒಂದು ಪಾಲು ಪ್ರೊಸೆಸರಿಗೇ ಹೋಗುತ್ತಿತ್ತು. ಅದರ ಬಾಕ್ಸಿನಲ್ಲಿ ಕೂಲರ್ ಕೂಡ ಬರುವುದಿಲ್ಲ, ಅದಕ್ಕೆ ಬೇರೆ ಖರ್ಚು. ನೀನು ಮಾಡೋ ಕೆಲಸಕ್ಕೂ ಆಡೋ ಆಟಕ್ಕೂ ಕಾರ್ಡ್ ಚೆನ್ನಾಗಿರಬೇಕು ಕಣೋ, ಪ್ರೊಸೆಸರ್ ಒಂದು ಮೆಟ್ಟಿಲು ಇಳಿಸು ಅಂದೆ. ರೈಜನ್ 5 5600 ಸಾಕು. 6 ಕೋರ್, 65 ವ್ಯಾಟ್, ಕೂಲರ್ ಜೊತೆಗೇ ಬರುತ್ತದೆ. ಉಳಿದ ದುಡ್ಡಲ್ಲಿ 8 ಜಿಬಿಯ ಆರ್‌ಎಕ್ಸ್ 6600 ಕಾರ್ಡ್ ಹಾಕಬಹುದು. ಅವನಿಗೆ 7 ಅನ್ನೋ ಅಂಕಿ ಬಿಟ್ಟುಕೊಡೋದು ಕಷ್ಟವಾಯ್ತು. ಆ ವಯಸ್ಸಿಗೆ ಅದು ಸಹಜ.

ಶನಿವಾರ ಬೆಳಿಗ್ಗೆ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆದೇ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್‌ಪಿ ರೋಡಿಗೆ ಹೋದೆವು. ಮೊದಲ ಅಂಗಡಿಯಲ್ಲಿ ಬಿ450 ಮದರ್‌ಬೋರ್ಡ್ ತೋರಿಸಿ "ಎಲ್ಲಾ ರೈಜನ್ನೂ ಕೂರುತ್ತೆ ಸಾರ್" ಅಂದರು. ಪ್ರೊಸೆಸರ್ ಕೂರುವ ಸಾಕೆಟ್ ಎಎಂ4 ಆದ್ದರಿಂದ ನಮ್ಮ 5600 ಕೂರುವುದೇನೋ ಹೌದು. ಆದರೆ ಹಳೇ ಸ್ಟಾಕ್ ಆಗಿದ್ದು ಬಯೋಸ್, ಅಂದರೆ ಬೋರ್ಡನ್ನು ಶುರು ಮಾಡುವ ಒಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಆಗಿಲ್ಲದಿದ್ದರೆ 5600 ಹಾಕಿದಾಗ ಬೂಟೇ ಆಗುವುದಿಲ್ಲ. ಬಾಕ್ಸ್ ತಿರುಗಿಸಿ ನೋಡಿದೆ, ರೈಜನ್ 5000 ರೆಡಿ ಅನ್ನೋ ಸ್ಟಿಕ್ಕರ್ ಇರಲಿಲ್ಲ. ಇಲ್ಲೇ ಅಪ್‌ಡೇಟ್ ಮಾಡಿಕೊಡಿ ಅಂದರೆ ಆಗಲ್ಲ ಅಂದರು. ಮುಂದಿನ ಅಂಗಡಿಯಲ್ಲಿ ಬಿ550 ತಗೊಂಡೆವು, ಇನ್ನೊಂದು ಎರಡು ಸಾವಿರ ಜಾಸ್ತಿ ಹೋಯ್ತು, ಆದರೆ ನಾಲ್ಕು ರ‍್ಯಾಮ್ ಸ್ಲಾಟ್ ಸಿಕ್ಕಿತು.

ನಾನು ಪಟ್ಟು ಹಿಡಿದದ್ದು ಎಸ್‌ಎಂಪಿಎಸ್ ವಿಷಯದಲ್ಲಿ. ಅಲ್ಲೇ ಎರಡನ್ನು ಪಕ್ಕ ಪಕ್ಕ ಇಟ್ಟು ಎತ್ತಿ ನೋಡು ಅಂದೆ. ಅಗ್ಗದ್ದು ಹಗುರ, ಒಳಗೆ ಏನೂ ಇಲ್ಲದ ಡಬ್ಬಿಯ ಹಾಗೆ. ಮೇಲೆ ದೊಡ್ಡದಾಗಿ 500 ವ್ಯಾಟ್ ಅಂತ ಬರೆದಿತ್ತು. ಸ್ಟಿಕ್ಕರಿನ ಸಣ್ಣಕ್ಷರದಲ್ಲಿ 12 ವೋಲ್ಟ್ ಸಾಲಿನ ಕೆಳಗೆ 18 ಆಂಪ್ಸ್. ಪ್ರೊಸೆಸರೂ ಕಾರ್ಡೂ ಮುಖ್ಯವಾಗಿ ಆ ಸಾಲಿನಿಂದಲೇ ಕರೆಂಟ್ ಎಳೆಯೋದು. ಹುಡುಗ ಮೊಬೈಲಿನಲ್ಲಿ 12ಕ್ಕೆ 18 ಗುಣಿಸಿದ. 216 ವ್ಯಾಟ್. ಕಾರ್ಡಿಗೇ 132 ಬೇಕು, ಪ್ರೊಸೆಸರಿಗೆ 65, ಮೇಲೆ ಫ್ಯಾನು. ಆಮೇಲೆ ಅವನೇ 550 ವ್ಯಾಟಿನ, ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಅನ್ನೋ 80 ಪ್ಲಸ್ ಬ್ರಾಂಜ್ ಮುದ್ರೆಯ ಡಬ್ಬ ಕೈಗೆತ್ತಿಕೊಂಡ. ಅದರಲ್ಲಿ 45 ಆಂಪ್ಸ್ ಇತ್ತು. ಬೆಲೆ ನಾಲ್ಕೂವರೆ ಸಾವಿರ. ನಮ್ಮ ಕಡೆ ದಿನಕ್ಕೆ ಎರಡು ಸಲ ಕರೆಂಟ್ ಹೋಗಿ ಬರುತ್ತದೆ, ಅಂಥಲ್ಲಿ ಸುಮ್ನೆ ಎರಡು ಸಾವಿರ ಉಳಿಸೋಕೆ ಹೋಗಿ ಎಲ್ಲವನ್ನೂ ಪಣಕ್ಕಿಡೋದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ.

ರ‍್ಯಾಮ್ ಒಂದೇ 16 ಜಿಬಿ ಸ್ಟಿಕ್ ಕೊಡ್ತೀವಿ ಅಂದರು, ನಾವು 8ರ ಎರಡು ಕೇಳಿ ತಗೊಂಡೆವು. ಜೋಡಿಯಲ್ಲಿ ಓಡಿದರೆ ವೇಗ ಜಾಸ್ತಿ. 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಕ್ಯಾಬಿನೆಟ್ ಎಲ್ಲ ಸೇರಿ 60 ಸಾವಿರ ದಾಟಿ ಐನೂರು ಆಯ್ತು. ಐನೂರು ನಾನೇ ಕೊಟ್ಟೆ.

ಸಂಜೆ ಅಕ್ಕನ ಮನೆಯ ಹಾಲಿನಲ್ಲಿ ಚಾಪೆ ಹಾಸಿ ಜೋಡಿಸಿದೆವು. ಬಟನ್ ಒತ್ತಿದರೆ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಹುಡುಗನ ಮುಖ ಬಾಡಿಹೋಯ್ತು. ಹತ್ತು ನಿಮಿಷ ರ‍್ಯಾಮ್ ಕಿತ್ತು ಹಾಕಿದ್ದಾಯ್ತು, ಕೇಬಲ್ ಒತ್ತಿ ನೋಡಿದ್ದಾಯ್ತು. ಕೊನೆಗೆ ಹಿಂದೆ ಬಗ್ಗಿ ನೋಡಿದರೆ ಎಚ್‌ಡಿಎಂಐ ಮದರ್‌ಬೋರ್ಡಿಗೆ ಚುಚ್ಚಿತ್ತು. 5600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಆ ಪೋರ್ಟಿನಿಂದ ಚಿತ್ರ ಬರೋದೇ ಇಲ್ಲ. ಕೆಳಗೆ ಕಾರ್ಡಿಗೆ ಹಾಕಿದ ಕೂಡಲೇ ಬೆಳಕು ಬಂತು. "ಬಂತು ಮಾಮಾ!" ಅಂತ ಕೂಗಿದ್ದಕ್ಕೆ ಅಕ್ಕ ಅಡುಗೆಮನೆಯಿಂದ ಓಡಿ ಬಂದಳು.

ಬಯೋಸಿನಲ್ಲಿ ರ‍್ಯಾಮ್ 2400 ಅಂತ ತೋರಿಸುತ್ತಿತ್ತು. ನಾವು ತಂದದ್ದು 3200. ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಓಡಿಸುವ ಎಕ್ಸ್‌ಎಂಪಿ ಎಲ್ಲಿದೆ ಅಂತ ಅವನೇ ಹುಡುಕಿ ಆನ್ ಮಾಡಿದ, ಎಫ್10 ಒತ್ತಿ ಸೇವ್ ಮಾಡಿದ. ಮತ್ತೆ ಆನ್ ಆದಾಗ 3200 ಅಂತ ಬಂತು. ಅಕ್ಕ ತಂದಿಟ್ಟ ಕಾಫಿ ಅಷ್ಟರಲ್ಲಿ ಆರಿಹೋಗಿತ್ತು.