ಕಡಲಾಮೆಯ ಗೂಡು ಬಗೆಯಲು ಹೊರಡುವ ಮುನ್ನ

ಕಡಲಾಮೆಯ ಮರಿಗಳು ಗುಂಪಾಗಿ ನೀರಿಗಿಳಿಯುವುದನ್ನು ನೋಡುವ ಆಸೆಯಿಂದಲೇ ನಾನು ಸ್ವಯಂಸೇವಕನಾಗಿ ಹೆಸರು ಬರೆಸಿದ್ದೆ. ಹತ್ತು ದಿನಗಳಲ್ಲಿ ಆ ದೃಶ್ಯ ಕಂಡದ್ದು ಎರಡೇ ಬಾರಿ. ಉಳಿದ ಹೊತ್ತೆಲ್ಲ ಮರಳಿನ ಮೇಲೆ ಬೋರಲು ಮಲಗಿ, ಮೊಣಕೈ ಮುಳುಗುವಷ್ಟು ಆಳಕ್ಕೆ ಕೈಯಿಳಿಸಿ, ಎಷ್ಟು ಮೊಟ್ಟೆ ಮರಿಯಾದವು, ಎಷ್ಟು ಆಗಲಿಲ್ಲ ಎಂದು ತಿಳಿಯಲು ಒಡೆದ ಮೊಟ್ಟೆಯ ಸಿಪ್ಪೆಗಳನ್ನು ಎತ್ತಿ ಎಣಿಸುವುದರಲ್ಲೇ ಕಳೆಯಿತು.

ಮೊಟ್ಟೆಯಿಟ್ಟ ದಿನದಿಂದ ಮರಿಗಳು ಹೊರಬರಲು, ಮರಳಿನ ಬಿಸಿಯನ್ನು ಅನುಸರಿಸಿ, ಸುಮಾರು 45ರಿಂದ 60 ದಿನಗಳು ಬೇಕಾಗುವುದರಿಂದ, ತಾಯಿ ಆಮೆಗಳು ಹೆಚ್ಚಾಗಿ ದಡಕ್ಕೆ ಬರುವ ಕಾಲವನ್ನು ವಿಚಾರಿಸಿ, ಅದರ ಒಂದೂವರೆ ಎರಡು ತಿಂಗಳ ನಂತರಕ್ಕೆ ಪ್ರಯಾಣವನ್ನು ಗೊತ್ತುಮಾಡಿಕೊಳ್ಳಿ. ಅಧಿಕೃತ ಅನುಮತಿ ಪಡೆದ ತಂಡದ ಜೊತೆಗಲ್ಲದೆ ಗೂಡನ್ನು ಮುಟ್ಟಬಾರದು. ಕೆಂಪು ಬೆಳಕಿನ ಟಾರ್ಚ್, ಕೈಗವಸು ಮತ್ತು ಪೆನ್ಸಿಲ್ ಒಯ್ಯಿರಿ. ಪೆನ್ನು ನಂಬಿದ ನನ್ನ ಮೊದಲ ರಾತ್ರಿಯ ಲೆಕ್ಕ ಕಡಲಗಾಳಿಯ ತೇವಕ್ಕೆ ಅಳಿಸಿಹೋಯಿತು.

ಮರಿಗಳು ಹೊರಟು ಎರಡು ಮೂರು ದಿನ ಕಳೆದ ಮೇಲೆ ಗೂಡನ್ನು ಕೈಯಿಂದಲೇ ಬಗೆಯಬೇಕು. ಅರ್ಧಕ್ಕಿಂತ ಹೆಚ್ಚು ಉಳಿದಿರುವ ಸಿಪ್ಪೆಯನ್ನು ಮಾತ್ರ ಒಂದು ಮೊಟ್ಟೆಯೆಂದು ಲೆಕ್ಕ ಹಿಡಿಯುತ್ತಾರೆ. ಒಡೆಯದ ಮೊಟ್ಟೆ, ಸಿಪ್ಪೆ ಬಿರಿದಲ್ಲೇ ಸತ್ತ ಮರಿ, ಜೀವವಿದ್ದೂ ಮೇಲೇರಲಾಗದೆ ಉಳಿದ ಮರಿ, ಹೀಗೆ ಒಂದೊಂದಕ್ಕೂ ಬೇರೆ ಗುಡ್ಡೆ. ಕೊಳೆತ ಮೊಟ್ಟೆಯ ವಾಸನೆಯ ಬಗ್ಗೆ ನನಗೆ ಯಾರೂ ಮುನ್ನೆಚ್ಚರಿಕೆ ಕೊಟ್ಟಿರಲಿಲ್ಲ, ನಾನು ಕೊಡುತ್ತಿದ್ದೇನೆ.

ನಿಜವಾದ ಕಷ್ಟವಿರುವುದು ವೈಕಲ್ಯಗಳನ್ನು ಗುರುತಿಸುವಲ್ಲಿ. ಬಣ್ಣವಿಲ್ಲದ ಬಿಳಿಚಿದ ಚರ್ಮ, ಇಲ್ಲದ ಕಣ್ಣು, ಸೊಟ್ಟ ದವಡೆ, ಒಂದೇ ಮೊಟ್ಟೆಯೊಳಗಿನ ಅವಳಿ ಇವೆಲ್ಲ ಹೆಚ್ಚಾಗಿ ಸಿಗುವುದು ಸತ್ತ ಭ್ರೂಣಗಳಲ್ಲೇ ಆದ್ದರಿಂದ, ಒಡೆಯದ ಮೊಟ್ಟೆಗಳನ್ನು ತೆರೆದು ನೋಡುವ ಕೆಲಸವನ್ನು ತಂಡದ ಅನುಭವಿಗಳು ಬಿಡುವುದಿಲ್ಲ. ಬೆನ್ನುಚಿಪ್ಪಿನ ಫಲಕಗಳನ್ನು ಎಣಿಸುವಾಗ ಜಾತಿ ತಿಳಿದಿರಬೇಕು: ಹಸಿರು ಕಡಲಾಮೆಗೆ ಪಕ್ಕದ ಫಲಕಗಳು ಸಾಮಾನ್ಯವಾಗಿ ನಾಲ್ಕು ಜೊತೆ; ಆಲಿವ್ ರಿಡ್ಲೆಯಲ್ಲಿ ಆರೋ ಏಳೋ ಇದ್ದರೂ, ಎಡಕ್ಕೂ ಬಲಕ್ಕೂ ಲೆಕ್ಕ ಹೊಂದದಿದ್ದರೂ ಅದು ಸಹಜವೇ. ಕಾರಣ ಬಿಸಿಯೋ, ತೇವವೋ, ವಂಶವಾಹಿಯೋ ಎಂದು ದಡದಲ್ಲಿ ಕುಳಿತು ತೀರ್ಮಾನಿಸದೆ, ಅಳತೆಪಟ್ಟಿ ಇಟ್ಟು ಚಿತ್ರ ತೆಗೆದು ಕಂಡದ್ದನ್ನಷ್ಟೇ ಬರೆಯಿರಿ.

ನಾನು ಎಡವಿದ್ದೂ ಅಲ್ಲೇ. ಗೂಡಿನ ತಳದಲ್ಲಿ ಸಿಕ್ಕ ಒಂದು ಮರಿಯ ಬೆನ್ನು ಬಿಲ್ಲಿನಂತೆ ಬಾಗಿತ್ತು, ಹೊಟ್ಟೆಯ ಅಡ್ಡಕ್ಕೆ ಆಳವಾದ ಮಡಿಕೆಯಿತ್ತು. ನಾನು ‘ವಿಕಲ’ ಎಂದು ಬರೆದೇಬಿಟ್ಟೆ. ಮೊಟ್ಟೆಯೊಳಗೆ ಮಡಿಚಿಕೊಂಡಿದ್ದ ಮರಿ ಈಗಷ್ಟೇ ಹೊರಬಂದಾಗ ಹೀಗೇ ಇರುತ್ತದೆಂದು ತಂಡದ ಹಿರಿಯರು ಹೇಳಿ, ಅದನ್ನು ಒದ್ದೆ ಮರಳಿನ ಬಕೆಟ್ಟಿನಲ್ಲಿಟ್ಟು ಬಟ್ಟೆ ಮುಚ್ಚಿದರು. ಕತ್ತಲಾದ ಮೇಲೆ ನೀರಿನಿಂದ ಕೆಲವು ಹೆಜ್ಜೆ ಹಿಂದೆ ಬಿಟ್ಟಾಗ ಬೆನ್ನು ಬಹುಪಾಲು ನೆಟ್ಟಗಾಗಿತ್ತು. ಅದು ತಾನೇ ತೆವಳಿ ಅಲೆ ಸೇರಿತು. ನಾನು ಪಟ್ಟಿಯಲ್ಲಿ ಆ ಸಾಲನ್ನು ಹೊಡೆದುಹಾಕಿದೆ.