ಆಗ ನನ್ನನ್ನು ಒಳಗೆ ಬಿಡ್ತಾರಾ?

ಬುಧವಾರದಿಂದ ಒಬ್ಬ ಹುಡುಗನ ಪ್ರಶ್ನೆ ನನ್ನ ತಲೆಯಲ್ಲೇ ಸುತ್ತುತ್ತಿದೆ.

ನಾನು ಸಹಾಯಕಿಯಾಗಿರುವ ಇಂಗ್ಲೆಂಡಿನ ಈ ಶಾಲೆಯಲ್ಲಿ ಆರು ವರ್ಷದ ಮಕ್ಕಳಿಗೆ ವಾರವಿಡೀ ಓಕ್ ಮರವೇ ಪಾಠ. ಸೋಮವಾರ ಗಣಿತ. ಮೈದಾನದ ಮೂಲೆಯ ಮರಕ್ಕೆ ಹಗ್ಗ ಸುತ್ತಿದರೆ 3 ಮೀಟರ್ ಬಂತು. ಬಯಲಲ್ಲಿ ಬೆಳೆದ ಓಕಿನ ಸುತ್ತಳತೆ ವರ್ಷಕ್ಕೆ ಹೆಚ್ಚುಕಡಿಮೆ ಎರಡೂವರೆ ಸೆಂಟಿಮೀಟರ್ ಹೆಚ್ಚುತ್ತದೆ. ಅಷ್ಟಷ್ಟು ದೂರಕ್ಕೆ ಹಗ್ಗದ ಮೇಲೆ ಗುರುತು ಹಾಕಿ ಎಣಿಸಿದರು. 120 ವರ್ಷ! 'ಇಲ್ಲಿ ನಾನು ಹುಟ್ಟಿದ್ದು, ಇಲ್ಲಿ ನಮ್ಮಜ್ಜಿ' ಅಂತ ಬೆರಳಿಟ್ಟು ತೋರಿಸಿಕೊಂಡರು. ಗಣಿತ ಅಲ್ಲೇ ಚರಿತ್ರೆಯಾಗಿತ್ತು. ಮಂಗಳವಾರ ರಾಜನ ಕಥೆ. 1651ರಲ್ಲಿ ಯುದ್ಧ ಸೋತ ಎರಡನೇ ಚಾರ್ಲ್ಸ್ ಬಾಸ್ಕೊಬೆಲ್‌ನ ಓಕ್ ಮರದ ಮೇಲೆ ಅಡಗಿ ಕೂತಿದ್ದನ್ನು ಎಲ್ಲರೂ ಮೇಜಿನ ಕೆಳಗೆ ಕೂತು ಆಡಿದರು.

ಬುಧವಾರ ಕಾಯಿ ನೆಡುವ ದಿನ. ಜೇ ಹಕ್ಕಿ ಚಳಿಗಾಲಕ್ಕೆಂದು ಸಾವಿರಾರು ಓಕ್ ಕಾಯಿ ಹೂತಿಡುತ್ತದೆ. ತಿನ್ನದೆ ಬಿಟ್ಟದ್ದು ಮೊಳೆಯುತ್ತದೆ. ಮಕ್ಕಳೂ ಕುಂಡದ ಮಣ್ಣಿಗೆ ಕಾಯಿ ಒತ್ತಿದರು. ಆಗ ಆ ಹುಡುಗ ಕೇಳಿದ, 'ಮಿಸ್, ಇದು ಕಾಯಿ ಬಿಡೋದು ಯಾವಾಗ?'

'ಸುಮಾರು 40 ವರ್ಷ ಬೇಕು.'

ಮಣ್ಣಾದ ಬೆರಳು ಮಡಚಿ ಎಣಿಸಿದ. 'ಆಗ ನನಗೆ 46. ಆಗ ನನ್ನನ್ನು ಒಳಗೆ ಬಿಡ್ತಾರಾ?'

ಇಲ್ಲಿ ಶಾಲೆಯ ಗೇಟಿಗೆ ಯಾವಾಗಲೂ ಬೀಗ. ದೊಡ್ಡವರು ಸಹಿ ಹಾಕಿ, ಕೊರಳಿಗೆ ಪಟ್ಟಿ ಹಾಕಿಕೊಂಡೇ ಒಳಗೆ ಬರಬೇಕು. ಅದು ಅವನಿಗೆ ಗೊತ್ತು. ನಮ್ಮ ಟೀಚರ್ ನಗಲಿಲ್ಲ. ಒಂದು ಹಾಳೆ ತಗೊಂಡು, 'ಈ ಮರ ನೋಡಲು ಬಂದರೆ ಇವನನ್ನು ಒಳಗೆ ಬಿಡಿ' ಎಂದು ಬರೆದು, ಹೆಸರು ಸೇರಿಸಿ, ಆಫೀಸಿನ ಫೈಲಿಗೆ ಹಾಕಿಸಿದರು. ಮಗುವಿನ ಮಾತಿಗೆ ಇಷ್ಟು ಬೆಲೆ ಕೊಡುವವರನ್ನು ನಾನು ಕಂಡಿದ್ದು ಕಡಿಮೆ.

ಸಂಜೆ ಗೇಟಿನ ಹತ್ತಿರ ಒಬ್ಬ ತಾಯಿ, 'ವಾರವೆಲ್ಲ ಮರ ಮರ ಅಂತಿದ್ರೆ ಸ್ಪೆಲಿಂಗ್ ಕಲಿಯೋದು ಯಾವಾಗ?' ಎಂದರು. ಅವರ ಆತಂಕ ಅರ್ಥವಾಗುತ್ತದೆ, ಆದರೆ ನನಗೆ ಬೇಜಾರಾಯಿತು. ಆರಕ್ಕೆ ನಲವತ್ತು ಕೂಡಿಸು ಎಂದು ಆ ಹುಡುಗನಿಗೆ ಯಾರೂ ಹೇಳಿರಲಿಲ್ಲ. ಅವನಿಗೆ ಆ ಲೆಕ್ಕ ಬೇಕಾಗಿತ್ತು, ಮಾಡಿದ. ನಾನು ಓದಿದ್ದು ಹಾಗಲ್ಲ. ಬೆಲ್ ಹೊಡೆದರೆ ವಿಜ್ಞಾನ ಮುಗೀತು, ಪುಸ್ತಕ ಮುಚ್ಚು, ಸಮಾಜ ತೆಗಿ. ಶಾಲೆಯ ಅಂಗಳದಲ್ಲೇ ಹೊಂಗೆ ಮರವಿತ್ತು. ಎಲೆಯ ಭಾಗಗಳನ್ನು ಮಾತ್ರ ಬೋರ್ಡಿನ ಚಿತ್ರ ನೋಡಿ ಬರೆದುಕೊಂಡೆವು. ಅದನ್ನು ಯಾರು ನೆಟ್ಟರು ಅಂತ ಕೇಳಬೇಕು ಎಂದು ನಮಗೆ ಹೊಳೆಯಲೇ ಇಲ್ಲ. ಕೇಳಬಹುದಿತ್ತು, ಅಲ್ವಾ? ಅದಕ್ಕೆ ದುಡ್ಡೂ ಬೇಡ, ದೊಡ್ಡ ಶಾಲೆಯೂ ಬೇಡ.

ಬರುವ ವಾರ ಶಾಯಿ ಮಾಡುತ್ತೇವೆ. ಚಿಕ್ಕ ಕಣಜವೊಂದು ಓಕಿನ ಮೊಗ್ಗಿನಲ್ಲಿ ಮೊಟ್ಟೆಯಿಟ್ಟರೆ ಅಲ್ಲಿ ಗೋಲಿಯಂಥ ಗಂಟು ಬೆಳೆಯುತ್ತದೆ. ಅದರ ರಸಕ್ಕೆ ಕಬ್ಬಿಣದ ಉಪ್ಪು ಸೇರಿದರೆ ಕಪ್ಪು ಶಾಯಿ. 1215ರ ಮ್ಯಾಗ್ನಾ ಕಾರ್ಟಾ ಎಂಬ ಇಂಗ್ಲೆಂಡಿನ ಹೆಸರಾಂತ ರಾಜಸನ್ನದು ಬರೆದದ್ದು ಅದರಲ್ಲೇ. ನಮ್ಮಜ್ಜಿ ಬಜೆಯ ಜೊತೆ ತೇಯ್ದು ಕೂಸುಗಳಿಗೆ ನೆಕ್ಕಿಸುತ್ತಿದ್ದ ಮಾಚಿಕಾಯಿಯೂ ಇಂಥದೇ ಗಂಟು, ಬೇರೆ ಜಾತಿಯ ಓಕಿನದು. ಟೀಚರಿಗೆ ಹೇಳಿದೆ, 'ಖಂಡಿತ ತನ್ನಿ' ಎಂದರು. ತಂಗಿ ಊರಿಂದ ಕಳಿಸಿದ್ದು ಡಬ್ಬಿಯಲ್ಲಿದೆ, ಸೋಮವಾರ ತಗೊಂಡು ಹೋಗುತ್ತೇನೆ.