ಕ್ನೈಫ್

ಕಳೆದ ಶನಿವಾರ ಅಡುಗೆಮನೆಯಲ್ಲಿ ಸೇಬು ಹೆಚ್ಚುತ್ತಿದ್ದಾಗ, ಶಾಲೆಯ ಪದಪಟ್ಟಿಯನ್ನು ಬಾಯಿಪಾಠ ಮಾಡುತ್ತಿದ್ದ ಏಳು ವರ್ಷದ ಮಗಳು 'ನೈಫ್' ಪದದ ಮೊದಲಿಗಿರುವ 'ಕೆ' ಅಕ್ಷರದ ಮೇಲೆ ಬೆರಳಿಟ್ಟು, "ಇದು ಮಾತೇ ಆಡುವುದಿಲ್ಲವಲ್ಲ, ಮತ್ತೇಕೆ ಇಲ್ಲಿ ಕುಳಿತಿದೆ?" ಎಂದಳು. ನಾನು ತಡವರಿಸಿದೆ. ಚಹಾಕ್ಕೆ ಬಂದಿದ್ದ ಪಕ್ಕದ ಮನೆಯ ಅಜ್ಜಿ, "ಒಂದು ಕಾಲಕ್ಕೆ ಅದೂ ಮಾತಾಡುತ್ತಿತ್ತು ಬೇರ್ನ್" ಎಂದರು. 'ಬೇರ್ನ್' ಎಂದರೆ ಉತ್ತರ ಇಂಗ್ಲೆಂಡಿನ ಈ ಕಡೆಯ ಮಾತಿನಲ್ಲಿ ಮಗು; ಅವರು ಚಿಕ್ಕವರಿದ್ದಾಗ ಶಾಲೆಯಲ್ಲಿ ಹಾಗೆಂದರೆ ಬೈಸಿಕೊಳ್ಳಬೇಕಿತ್ತಂತೆ.

ಆ ರಾತ್ರಿ ಕುಳಿತು ಓದಿದೆ. ನಾವಿರುವ ಯಾರ್ಕ್ ನಗರವನ್ನು 866ರಲ್ಲಿ ಸ್ಕ್ಯಾಂಡಿನೇವಿಯಾದ ಕಡಲುದಾಳಿಕೋರರಾದ ವೈಕಿಂಗರು ವಶಪಡಿಸಿಕೊಂಡರು. ಚಾಕುವಿನ ಹೆಸರು ಅವರ ನುಡಿಯಿಂದಲೇ ಇಂಗ್ಲಿಷಿಗೆ ಇಳಿದದ್ದು, ಸ್ವೀಡನ್ನಿನವರು ಇಂದಿಗೂ 'ಕ್ನೀವ್' ಎಂದೇ ಅನ್ನುತ್ತಾರೆ. 'ಎಗ್', 'ಸ್ಕೈ', ಅಷ್ಟೇಕೆ, 'ದೇ' ಎಂಬ ಸರ್ವನಾಮವೂ ಅಲ್ಲಿಯದೇ. ನಮ್ಮ ಗವಾಕ್ಷ ಹಸುವಿನ ಕಣ್ಣಾದರೆ, ಅವರ 'ವಿಂಡೋ' ಗಾಳಿಯ ಕಣ್ಣು. ಇಂಗ್ಲೆಂಡಿನಲ್ಲಿ 'ಕ್ನೀಫ್' ಆಗಿದ್ದ ಪದದ ದೀರ್ಘ ಸ್ವರವು 15ನೆಯ ಶತಮಾನದಿಂದೀಚೆಗೆ ನಿಧಾನವಾಗಿ 'ಐ'ಕಾರದತ್ತ ಹೊರಳಿತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ತೆರೆದ ಮೇಲೆ ಕಾಗುಣಿತ ಬರಬರುತ್ತಾ ಗಟ್ಟಿಯಾಯಿತು. ಆದರೆ ನಾಲಿಗೆ ಅಚ್ಚಿನ ಮೊಳೆಗಾಗಿ ಕಾಯದೆ, 17ನೆಯ ಶತಮಾನದ ಕೊನೆಯ ಹೊತ್ತಿಗೆ ಆ 'ಕ'ಕಾರವನ್ನೇ ಬಿಟ್ಟುಕೊಟ್ಟಿತು. ಹಾಳೆಯ ಮೇಲೆ ಮಾತ್ರ ಅದು ಹಾಗೆಯೇ ಉಳಿಯಿತು. ನಾವಾದರೋ 'ಪಾಲ್' ಹಾಲಾದಾಗ ಬರವಣಿಗೆಯನ್ನೂ ಜೊತೆಗೇ ತಿದ್ದಿಕೊಂಡೆವು ಎಂದು ನೆನೆದು, ನನ್ನ ಪಾಲೇನೂ ಇಲ್ಲದಿದ್ದರೂ, ಕೊಂಚ ಬೀಗಿದೆ.

ಬೀಗಿದ್ದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಊರಿನ ಶಾಲೆಯಲ್ಲಿ, ಐದನೆಯ ತರಗತಿಯಲ್ಲಿ ಎದ್ದು ನಿಂತು ನಾನು ಇದೇ ಪದವನ್ನು 'ಕ್ನೈಫ್' ಎಂದು ಓದಿದ್ದೆ. ಮೇಷ್ಟರು ನಕ್ಕು, ಮತ್ತೆ ಓದಿಸಿ, ಪಕ್ಕದ ತರಗತಿಯವರನ್ನೂ ಕರೆದು ಕೇಳಿಸಿದರು. ಅಂದು ಅಂಟಿದ ಆ ಅಡ್ಡಹೆಸರು ಎಸ್ಸೆಸ್ಸೆಲ್ಸಿ ಮುಗಿದರೂ ಬಿಡಲಿಲ್ಲ. ಕನ್ನಡದ ಅಲ್ಪಪ್ರಾಣ ಮಹಾಪ್ರಾಣಗಳು ಹೇಗೆ ಅದಲುಬದಲಾದರೂ ಕೇಳುವವರಿಲ್ಲದ ಆ ಶಾಲೆಯಲ್ಲಿ ಇಂಗ್ಲಿಷಿನ ಒಂದಕ್ಷರ ತಪ್ಪಿದ್ದಕ್ಕೆ ನಾನು ತಿಂಗಳುಗಟ್ಟಲೆ ಬಾಯಿಬಿಟ್ಟು ಓದಲಿಲ್ಲ. ಈಗ ಲೆಕ್ಕ ಹಾಕಿದರೆ, 'ಐ'ಕಾರ ಬಂದು 'ಕ'ಕಾರ ಇನ್ನೂ ಹೋಗಿರದ ನನ್ನ ಆ ಉಚ್ಚಾರಣೆ, 1616ರಲ್ಲಿ ತೀರಿಕೊಂಡ ಷೇಕ್ಸ್‌ಪಿಯರನ ಕಾಲದ್ದಕ್ಕೆ ಹತ್ತಿರದ್ದು.

ಮೊನ್ನೆ ಹಳೆಯ ಸಹಪಾಠಿಯೊಬ್ಬ ಕರೆಮಾಡಿ ಎಂದಿನಂತೆ, "ಏನೋ ಕ್ನೈಫ್, ಹೇಗಿದ್ದೀಯ?" ಎಂದ. ಪಕ್ಕದಲ್ಲಿದ್ದ ಮಗಳು ಕಣ್ಣರಳಿಸಿ, ಆ ಮಾಮನಿಗೂ ಹಳೆಯ ಇಂಗ್ಲಿಷ್ ಬರುತ್ತದೆಯೇ ಎಂದು ಕೇಳಿದಳು.